ಹುತ್ತ ಒಡೆದ ಮೇಲೆ

ಚಿಕ್ಕಂದಿನಲ್ಲಿ ನಮ್ಮ ಹಿತ್ತಲಲ್ಲೊಂದು ಹುತ್ತವಿತ್ತು. ಸಂಜೆ ಹಾವು ಹೊರಬರುವುದು ಎಲ್ಲರಿಗೂ ಗೊತ್ತು. ಆ ಕಡೆ ಮಕ್ಕಳನ್ನು ಬಿಡುತ್ತಿರಲಿಲ್ಲ, ಅಷ್ಟೆ. ಒಂದು ಬೇಸಿಗೆ ದೊಡ್ಡಪ್ಪ ತಾಳ್ಮೆಗೆಟ್ಟು ಹಾರೆ ಹಾಕಿ ಅದನ್ನು ಒಡೆಸಿದರು. ಹಾವು ಸಿಗಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಸೌದೆ ಎಳೆಯುವ ಮುನ್ನ, ಹಾಸಿಗೆ ಬಿಡಿಸುವ ಮುನ್ನ ಕೋಲಿನಿಂದ ತಟ್ಟಿ ನೋಡುವುದೇ ಆಯಿತು.

2025ರ ಜೂನ್ 22ರಂದು, ಇರಾನಿನ ಫೋರ್ಡೋ, ನತಾಂಜ್, ಇಸ್ಫಹಾನ್ ಅಣುಕೇಂದ್ರಗಳ ಮೇಲೆ ಅಮೆರಿಕದ ಬಾಂಬು ಬಿದ್ದ ಸುದ್ದಿ ಕೇಳಿದಾಗ ನನಗೆ ನೆನಪಾದದ್ದು ಆ ಕೋಲು.

ಹಿಂದೆಯೂ ಹೀಗೆ ನಡೆದಿತ್ತು. 1981ರ ಜೂನ್ 7ರಂದು ಇಸ್ರೇಲಿನ ಎಂಟು ಎಫ್-16 ವಿಮಾನಗಳು ಬಾಗ್ದಾದ್ ಬಳಿಯ ಒಸಿರಾಕ್ ರಿಯಾಕ್ಟರನ್ನು ಕೆಡವಿದವು. ಅದು ಫ್ರಾನ್ಸ್ ಕಟ್ಟುತ್ತಿದ್ದ ರಿಯಾಕ್ಟರು. ಜಗತ್ತಿಗೆ ಕಾಣುವಂತೆ ನಿಂತಿತ್ತು. ದಾಳಿಯನ್ನು ಭದ್ರತಾ ಮಂಡಳಿ ಒಮ್ಮತದಿಂದ ಖಂಡಿಸಿತು, ಅಮೆರಿಕವೂ ಕೈಯೆತ್ತಿತು. ಅತ್ತ ಇರಾಕಿನ ಸದ್ದಾಂ ಹುಸೇನ್, ತಾನೇ ಬಂಧನದಲ್ಲಿಟ್ಟಿದ್ದ ಭೌತವಿಜ್ಞಾನಿ ಜಾಫರ್ ದಿಯಾ ಜಾಫರ್ ಅವರನ್ನು ಬಿಡಿಸಿ ಗುಟ್ಟಾಗಿ ಕೆಲಸಕ್ಕೆ ಹಚ್ಚಿದ. 1940ರ ದಶಕದಲ್ಲಿ ಅಮೆರಿಕ ಬಳಸಿ ಕೈಬಿಟ್ಟಿದ್ದ ವಿದ್ಯುತ್ಕಾಂತ ವಿಧಾನದಲ್ಲಿ ಇರಾಕ್ ಯುರೇನಿಯಂ ಬೇರ್ಪಡಿಸಲು ಹೊರಟಿದ್ದು ಹೊರಗಿನವರ ಕಣ್ಣಿಗೆ ಬಿದ್ದದ್ದು 1991ರ ಯುದ್ಧ ಮುಗಿದ ಮೇಲೆ.

ಒಸಿರಾಕ್ ಉಳಿದಿದ್ದರೆ ಸದ್ದಾಂ ಕೈಗೆ ಬಾಂಬು ಬೇಗ ಸಿಗುತ್ತಿತ್ತು ಎನ್ನುವವರಿದ್ದಾರೆ. ಆ ಭಯವನ್ನು ನಾನು ಹಗುರಾಗಿ ಕಾಣಲಾರೆ. ಹಾವಿದ್ದ ಮನೆಯಲ್ಲಿ ಬೆಳೆದವನು. ಆದರೆ ದಾಳಿ ಕಾಂಕ್ರೀಟನ್ನು ಪುಡಿಮಾಡಿತೇ ಹೊರತು ವಿದ್ಯೆಯನ್ನಲ್ಲ, ಹಟವನ್ನಂತೂ ಅಲ್ಲ. ಜೊತೆಗೆ ನೋಡುವ ಕಿಂಡಿಯನ್ನೂ ಮುಚ್ಚಿತು.

ಇರಾನಿನಲ್ಲೂ ಹಾಗೆಯೇ. ಶೇಕಡಾ 60ರಷ್ಟು ಸಂವರ್ಧಿಸಿದ ಯುರೇನಿಯಂ ಸುಮಾರು 440 ಕಿಲೋ ಇದೆಯೆಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ದಾಳಿಗೆ ಮುನ್ನ ಲೆಕ್ಕವಿಟ್ಟಿತ್ತು. ದಾಳಿಯ ಬೆನ್ನಿಗೇ ಇರಾನ್ ಆ ಸಂಸ್ಥೆಯೊಂದಿಗೆ ಸಹಕಾರ ನಿಲ್ಲಿಸುವ ಕಾನೂನು ತಂದಿತು, ಪರಿವೀಕ್ಷಕರು ದೇಶ ಬಿಟ್ಟರು. ಕಿಲೋ ಲೆಕ್ಕದಲ್ಲಿ ಗೊತ್ತಿದ್ದ ವಸ್ತು ಊಹೆಯ ಪಾಲಾಯಿತು. ಬಾಂಬಿಲ್ಲದವನಿಗೆ ಹೊಡೆತ ತಪ್ಪದು ಎಂಬ ಪಾಠವನ್ನು ಬೇರೆ ಯಾವ ಯಾವ ರಾಜಧಾನಿಗಳು ಕಲಿತವೋ ಎಂದು ನೆನೆದರೆ ನಿದ್ದೆ ಬರುವುದಿಲ್ಲ.

ನಮ್ಮ ನೆರೆಯಲ್ಲೂ ಹಗೆ ಕಡಿಮೆಯಿಲ್ಲ. ಆದರೂ 1988ರ ಡಿಸೆಂಬರ್ 31ರಂದು ರಾಜೀವ್ ಗಾಂಧಿ, ಪಾಕಿಸ್ತಾನದ ಬೆನಜೀರ್ ಭುಟ್ಟೊ ಪರಸ್ಪರರ ಅಣುಕೇಂದ್ರಗಳ ಮೇಲೆ ದಾಳಿ ಮಾಡುವುದಿಲ್ಲವೆಂಬ ಒಪ್ಪಂದ ಮಾಡಿಕೊಂಡರು. 1992ರಿಂದ ಪ್ರತಿ ಜನವರಿ 1ರಂದು ಎರಡೂ ದೇಶಗಳು ತಮ್ಮ ಅಣುಕೇಂದ್ರಗಳ ಪಟ್ಟಿಯನ್ನು ಒಬ್ಬರಿಗೊಬ್ಬರು ಕೊಡುತ್ತವೆ. ಕಾರ್ಗಿಲ್ ಯುದ್ಧದ ನಂತರವೂ ಅದು ತಪ್ಪಲಿಲ್ಲ. ಕಾಳಿ ನದಿಯ ದಡದ ನಮ್ಮ ಕೈಗಾದಂಥ ಸ್ಥಾವರಗಳಿಗೂ ಆ ಒಪ್ಪಂದವೇ ಕಾವಲು.