ಉತ್ಪಾದ, ವ್ಯಯ, ಧ್ರೌವ್ಯ: ನೆರೆನೀರಿನಲ್ಲಿ ನೆನೆದ ಗಿಟಾರಿನ ಪ್ರಶ್ನೆ

ಒಂದು ವಸ್ತುವಿನ ಭಾಗಗಳು ಕೆಟ್ಟು ಅವುಗಳ ಜಾಗಕ್ಕೆ ಬೇರೆ ಭಾಗಗಳು ಬಂದ ಮೇಲೆ ಆ ವಸ್ತು ಹಿಂದಿನದೇ ಆಗಿ ಉಳಿಯುತ್ತದೆಯೇ ಎಂಬ ಪ್ರಶ್ನೆಯನ್ನು ಭಾರತೀಯ ದಾರ್ಶನಿಕರು ರಥ, ಬಟ್ಟೆ, ಗಡಿಗೆಗಳನ್ನು ಮುಂದಿಟ್ಟುಕೊಂಡು ಶತಮಾನಗಳ ಕಾಲ ಚರ್ಚಿಸಿದ್ದಾರೆ. 2010ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಶ್‌ವಿಲ್ ನಗರದ ವಾದ್ಯ ರಿಪೇರಿಗಾರರು ಅದೇ ಪ್ರಶ್ನೆಯನ್ನು ಕೈಯಿಂದಲೇ ಬಿಡಿಸಬೇಕಾಯಿತು. ಆ ತಿಂಗಳ ಮೊದಲ ಎರಡು ದಿನಗಳಲ್ಲಿ 13 ಅಂಗುಲಕ್ಕೂ ಹೆಚ್ಚು ಮಳೆ ಸುರಿದು ಕಂಬರ್‌ಲ್ಯಾಂಡ್ ನದಿಯ ನೀರು ಸೌಂಡ್‌ಚೆಕ್ ಎಂಬ ತಾಲೀಮು ಮತ್ತು ದಾಸ್ತಾನು ಕಟ್ಟಡಕ್ಕೆ ನುಗ್ಗಿದಾಗ ವಿನ್ಸ್ ಗಿಲ್, ಕೀತ್ ಅರ್ಬನ್ ಮೊದಲಾದ ಅನೇಕ ಸಂಗೀತಗಾರರ ಗಿಟಾರ್‌ಗಳು ಕೆಸರುನೀರಿನಲ್ಲಿ ಮುಳುಗಿದವು.

ಎಲೆಕ್ಟ್ರಿಕ್ ಗಿಟಾರಿನ ವಿಷಯದಲ್ಲಿ ಈ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ. ವೀಣೆಯಲ್ಲಿ ನಾದ ಹುಟ್ಟುವುದು ಮರದ ಕುಂಡದಲ್ಲೇ; ಗಟ್ಟಿಮರದ ಎಲೆಕ್ಟ್ರಿಕ್ ಗಿಟಾರಿನಲ್ಲಾದರೋ ಉಕ್ಕಿನ ತಂತಿಯ ಕಂಪನವನ್ನು ಹಿಡಿಯುವುದು ಪಿಕಪ್ ಎಂಬ ಪುಟ್ಟ ಸಾಧನ, ಅಂದರೆ ಅಯಸ್ಕಾಂತದ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಹೀಗಾಗಿ ವಾದ್ಯದ ಸ್ಪರ್ಶ ಮರದಲ್ಲಿಯೂ ದನಿ ಬಹುಮಟ್ಟಿಗೆ ಸುರುಳಿಯಲ್ಲಿಯೂ ನೆಲೆಸಿರುತ್ತದೆ, ಮತ್ತು ನೀರು ಇವೆರಡನ್ನೂ ಒಂದೇ ರೀತಿ ಕಾಡುವುದಿಲ್ಲ. ಸುರುಳಿಯ ತಂತಿ ಒಂದು ಕಡೆ ತುಕ್ಕು ತಿಂದು ತುಂಡಾದರೂ ದನಿ ನಿಂತುಹೋಗುತ್ತದೆ. ಮರ ಹೆಚ್ಚಾಗಿ ಬದುಕುತ್ತದೆ, ಆದರೆ ಅದರ ಗಂಡಾಂತರ ನೆನೆಯುವಾಗಿನದಕ್ಕಿಂತ ಒಣಗುವಾಗ ದೊಡ್ಡದು: ಮರದ ಕೋಶಗಳ ಟೊಳ್ಳಿನಲ್ಲಿರುವ ನೀರು ಹೋಗುವವರೆಗೆ ಅಳತೆ ಬದಲಾಗುವುದಿಲ್ಲ, ತೇವಾಂಶವು ಒಣಮರದ ತೂಕದ ಸುಮಾರು ಶೇ. 30ಕ್ಕಿಂತ ಕೆಳಗಿಳಿದ ಮೇಲೆ ಕೋಶಗಳ ಗೋಡೆಯೊಳಗಿನ ನೀರು ಹೊರಟು ಮರ ಕುಗ್ಗತೊಡಗುತ್ತದೆ, ಆಗ ಹೊರಮೈ ಕುಗ್ಗಿ ಒಳಭಾಗ ಇನ್ನೂ ಉಬ್ಬಿಕೊಂಡೇ ಇದ್ದರೆ ಸೀಳು ಬೀಳುತ್ತದೆ. ಆದ್ದರಿಂದ ಬಲ್ಲವರು ವಾದ್ಯವನ್ನು ಬಿಸಿಲಿಗಾಗಲಿ ಬಿಸಿಗಾಳಿಗಾಗಲಿ ಒಡ್ಡದೆ, ತಂತಿಗಳನ್ನು ಸಡಿಲಿಸಿ, ಕೆಸರನ್ನು ಶುದ್ಧನೀರಿನಿಂದ ತೊಳೆದು, ಪಿಕಪ್ ಮತ್ತು ವೈರುಗಳನ್ನು ಬಿಚ್ಚಿ ತೆಗೆದು, ಗಾಳಿಯಾಡುವ ನೆರಳಿನಲ್ಲಿ ವಾರಗಟ್ಟಲೆ ಆರಲು ಬಿಡುತ್ತಾರೆ.

ಇನ್ನು ದಾರ್ಶನಿಕರ ಉತ್ತರಗಳಿಗೆ ಬಂದರೆ, ಬೌದ್ಧ ಗ್ರಂಥವಾದ ಮಿಲಿಂದಪಞ್ಹದಲ್ಲಿ ಭಿಕ್ಷು ನಾಗಸೇನನು ಗ್ರೀಕ್ ಮೂಲದ ಅರಸನಿಗೆ, ಗಾಲಿ ರಥವಲ್ಲ, ಅಚ್ಚು ರಥವಲ್ಲ, ಇವು ಕೂಡಿದಾಗ ವ್ಯವಹಾರಕ್ಕಾಗಿ ಇಟ್ಟ ಹೆಸರೇ ರಥ ಎಂದು ತೋರಿಸಿಕೊಡುತ್ತಾನೆ. ಈ ನಿಲುವಿನಂತೆ ನೆನೆದ ಗಿಟಾರ್ ಹಳೆಯದೇ ಹೊಸದೇ ಎಂಬ ಪ್ರಶ್ನೆಯೇ ಬಿದ್ದುಹೋಗುತ್ತದೆ. ತರ್ಕ ಬಲವಾದುದು, ಆದರೆ ಅದೇ ಬಗೆಯ ಹೊಸ ಸುರುಳಿ ಅಂಗಡಿಯಲ್ಲಿ ಸಿಗುವಾಗ ರಿಪೇರಿಗಾರನು ಹಳೆಯದನ್ನೇ ಉಳಿಸಲು ಏಕೆ ಹೆಣಗುತ್ತಾನೆಂಬುದನ್ನು ಅದು ವಿವರಿಸುವುದಿಲ್ಲ. ನ್ಯಾಯ-ವೈಶೇಷಿಕರು ಇದಕ್ಕೆ ಎದುರಾಗಿ, ಭಾಗಗಳಾದ ಅವಯವಗಳಿಂದ ಬೇರೆಯಾದ ಅವಯವಿ, ಅಂದರೆ ಸಮಗ್ರ ವಸ್ತು, ನಿಜವಾಗಿಯೂ ಇದೆಯೆಂದು ವಾದಿಸುತ್ತಾರೆ. ಆದರೆ ಅವರ ಕಟ್ಟುನಿಟ್ಟಿನ ಲೆಕ್ಕದಲ್ಲಿ ಬಟ್ಟೆಯಿಂದ ಒಂದು ಎಳೆ ಕಿತ್ತರೂ ಹಳೆಯ ಅವಯವಿ ನಾಶವಾಗಿ ಖಂಡಪಟವೆಂಬ ಹೊಸದು ಹುಟ್ಟುತ್ತದೆ. ಒಂದು ತಿರುಪು ಬದಲಿಸಿದ ಗಿಟಾರ್ ಬೇರೆ ಗಿಟಾರಾಗುವುದನ್ನು ಒಪ್ಪುವುದು ಕಷ್ಟ.

ಈ ಎರಡಕ್ಕಿಂತ ಜೈನ ದರ್ಶನ ಸತ್ಯಕ್ಕೆ ಹೆಚ್ಚು ಹತ್ತಿರವಾಗಿದೆ. ಇರುವ ಪ್ರತಿಯೊಂದರಲ್ಲಿಯೂ ಹುಟ್ಟು, ಅಳಿವು ಮತ್ತು ಉಳಿವು ಒಟ್ಟಿಗೇ ಇರುತ್ತವೆಂದು ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹೇಳುತ್ತದೆ. ಇವೇ ಉತ್ಪಾದ, ವ್ಯಯ, ಧ್ರೌವ್ಯಗಳು. ಕರ್ನಾಟಕದ ದಿಗಂಬರ ಪರಂಪರೆ ಬಹುವಾಗಿ ಗೌರವಿಸಿದ ಸಮಂತಭದ್ರರು ಆಪ್ತಮೀಮಾಂಸೆಯಲ್ಲಿ ಇದಕ್ಕೆ ದೃಷ್ಟಾಂತ ಕೊಡುತ್ತಾರೆ: ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ ಕೊಡ ಬೇಕಿದ್ದವನು ಮರುಗುತ್ತಾನೆ, ಕಿರೀಟ ಬೇಕಿದ್ದವನು ಹಿಗ್ಗುತ್ತಾನೆ, ಚಿನ್ನವಷ್ಟೇ ಬೇಕಿದ್ದವನು ಸಮಚಿತ್ತದಲ್ಲಿರುತ್ತಾನೆ, ಮತ್ತು ಮೂವರ ಭಾವಕ್ಕೂ ವಸ್ತುವಿನಲ್ಲೇ ಕಾರಣವಿದೆ. ವಾದ್ಯ ಕಳೆದುಕೊಂಡವನ ದುಃಖವನ್ನು ಅಜ್ಞಾನವೆಂದು ತಳ್ಳಿಹಾಕದಿರುವುದು ಈ ದರ್ಶನದ ದೊಡ್ಡತನ. ಅಳಿದುದು ನಿಜವಾಗಿಯೂ ಅಳಿದಿದೆ.

ಗಿಟಾರಿನಲ್ಲಿ ಆ ಚಿನ್ನ ಯಾವುದು ಎಂಬ ಆಕ್ಷೇಪ ಬರಬಹುದು. ಧ್ರೌವ್ಯವನ್ನು ಎಷ್ಟು ಪಾಲು ಹಳೆಯದು ಉಳಿಯಿತೆಂಬ ಮೊತ್ತವಾಗಿ ತಿಳಿದರೆ ಉತ್ತರ ಸಿಗುವುದಿಲ್ಲ. ದ್ರವ್ಯವು ತನ್ನ ಪರ್ಯಾಯಗಳಲ್ಲಿ, ಅಂದರೆ ಒಂದರ ಬೆನ್ನಿಗೊಂದು ಬರುವ ಅವಸ್ಥೆಗಳಲ್ಲಿ, ಕಡಿಯದೆ ಹರಿದುಬರುವುದೇ ಧ್ರೌವ್ಯವೆಂದು ತಿಳಿದರೆ ರಿಪೇರಿಗಾರನ ಸಂಯಮಕ್ಕೆ ಅರ್ಥ ಬರುತ್ತದೆ: ತುಂಡಾದ ತಂತಿಯನ್ನು ಬಿಚ್ಚಿ ಅದೇ ಅಯಸ್ಕಾಂತದ ಸುತ್ತ ಅದೇ ದಪ್ಪದ ತಂತಿಯನ್ನು ಮತ್ತೆ ಸುತ್ತುವಾಗ ಅವನು ಪ್ರತಿ ಬದಲಾವಣೆಯನ್ನೂ ಹಿಂದಿನ ಅವಸ್ಥೆಗೆ ಜೋಡಿಸುತ್ತಿರುತ್ತಾನೆ. ಇದಕ್ಕೆ ಇನ್ನೊಂದು ನಿದರ್ಶನವಿದೆ: ಅದೇ ನೆರೆಯಲ್ಲಿ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಓಪ್ರಿ ಸಂಗೀತ ರಂಗಮಂದಿರದ ವೇದಿಕೆಯೂ ಮುಳುಗಿತ್ತು. ಹಳೆಯ ರೈಮನ್ ಸಭಾಂಗಣದ ವೇದಿಕೆಯಿಂದ ಕತ್ತರಿಸಿ ತಂದು 1974ರಲ್ಲಿ ಅಲ್ಲಿ ಕೂರಿಸಿದ್ದ ಆರು ಅಡಿ ಅಗಲದ ಓಕ್ ಮರದ ವೃತ್ತವನ್ನು ಸರಿಪಡಿಸಿ ಮತ್ತೆ ಅಳವಡಿಸಿಯೇ 2010ರ ಸೆಪ್ಟೆಂಬರ್ 28ರಂದು ರಂಗಮಂದಿರವನ್ನು ಮತ್ತೆ ತೆರೆಯಲಾಯಿತು.

ಆದರೂ ಒಂದು ಕಠಿಣ ಸಂದರ್ಭ ಉಳಿಯುತ್ತದೆ. ಒಂದು ಗಿಟಾರಿನ ಮರ ಬದುಕಿ ಪಿಕಪ್ ಸತ್ತು, ಇನ್ನೊಂದರ ಮರ ಸೀಳಿ ಪಿಕಪ್ ಬದುಕಿ, ಎರಡನ್ನೂ ಕೂಡಿಸಿ ಒಂದೇ ವಾದ್ಯ ಕಟ್ಟಿದಾಗ ಎರಡು ಪ್ರವಾಹಗಳು ಒಂದರಲ್ಲಿ ಬಂದು ಸೇರುತ್ತವೆ. ಪ್ರತಿ ಹೇಳಿಕೆಯೂ ಒಂದು ದೃಷ್ಟಿಗೆ ಕಟ್ಟುಬಿದ್ದಿದೆಯೆನ್ನುವ ಜೈನರ ನಯವಾದದಂತೆ, ನುಡಿಸುವವನ ಬೆರಳಿಗೆ ಅದು ಮೊದಲನೆಯ ಗಿಟಾರ್, ಕೇಳುವವನ ಕಿವಿಗೆ ಎರಡನೆಯದು. ಎರಡರಲ್ಲಿ ಯಾವುದನ್ನೂ ಮುಚ್ಚಿಡುವಂತಿಲ್ಲವಾದ್ದರಿಂದ, ಅದನ್ನು ಮುಂದೆ ಕೊಳ್ಳುವವನಿಗೆ ಮರ ಎಲ್ಲಿಯದು, ಸುರುಳಿ ಎಲ್ಲಿಯದು ಎಂಬುದನ್ನು ಬರೆದೇ ಕೊಡಬೇಕಾಗುತ್ತದೆ.