ಹೊರಗಿನವರು ಯಾರು?

ಲೋಕವನ್ನು ತಿದ್ದಹೊರಡುವವನು ಮೊದಲು ತನ್ನನ್ನು ನೋಡಿಕೊಳ್ಳಬೇಕೆಂಬುದು ಬಸವಣ್ಣನವರ ಬೋಧೆ. ಆದರೆ ಈ ಬೋಧೆಯನ್ನೇ ಮೌನಕ್ಕೆ ನೆವವಾಗಿ ಹಿಡಿಯುವವರುಂಟು. ಪರರ ಆಚಾರ ನಮಗೇಕೆ, ಅವರ ನಂಬಿಕೆ ಅವರಿಗೆ ಎಂಬುದು ಅವರ ಮಾತು. ಇದು ಎಷ್ಟರಮಟ್ಟಿಗೆ ಧರ್ಮಸಮ್ಮತವೆಂಬುದನ್ನು ಸದ್ಭಕ್ತರು ವಿಚಾರಿಸತಕ್ಕದ್ದು.

ಕೇರಳದ ಗಡಿಯಲ್ಲಿರುವ ಮಂಡೆಕೋಲು ಮೊದಲುಗೊಂಡು ಸುಳ್ಯದ ಸೀಮೆಗೆಲ್ಲ ಕುಕ್ಕೆ ಸುಬ್ರಹ್ಮಣ್ಯವು ಪುಣ್ಯಕ್ಷೇತ್ರ. ಅಲ್ಲಿ ಚಂಪಾಷಷ್ಠಿಯ ಕಾಲದಲ್ಲಿ, ಬ್ರಾಹ್ಮಣರು ಉಂಡೆದ್ದ ಎಲೆಗಳ ಮೇಲೆ ಹರಕೆಯವರು ಉರುಳುವ ಮಡೆಸ್ನಾನವು ಬಹುಕಾಲ ನಡೆದುಬಂದಿತ್ತು. ಚರ್ಮರೋಗವು ವಾಸಿಯಾಗುವುದೆಂಬುದು ಅವರ ನಂಬಿಕೆ. ನಿಡುಮಾಮಿಡಿ ಮಠದ ಶ್ರೀ ವೀರಭದ್ರ ಚನ್ನಮಲ್ಲ ಸ್ವಾಮಿಗಳೇ ಮೊದಲಾದವರು ಇದನ್ನು ಬಹಿರಂಗವಾಗಿ ವಿರೋಧಿಸಿದರು. 2011ರಲ್ಲಿ ನಿಷೇಧವಾದಾಗ ಪ್ರತಿಭಟಿಸಿದವರು, ಅಲ್ಲಿಯ ರಥವನ್ನು ಬೆತ್ತದಿಂದ ಕಟ್ಟುವ ಮಲೆಕುಡಿಯರು. ತಮ್ಮ ಹರಕೆಯನ್ನು ತಡೆಯಕೂಡದೆಂಬುದು ಅವರ ವಾದ. ನಿಷೇಧವು ಹಿಂದೆ ಸರಿಯಿತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆಯಾಜ್ಞೆಯಿತ್ತಿತು. 2017ರ ರಾಜ್ಯ ಕಾಯಿದೆಯು ಇಂಥ ಆಚರಣೆಯನ್ನು ಅಪರಾಧವೆಂದು ಸಾರಿತು.

ಮಲೆಕುಡಿಯರ ಮಾತನ್ನು ಅಜ್ಞಾನವೆಂದು ತಳ್ಳಿಬಿಡುವುದು ಸಲ್ಲದು. ಹರಕೆಯ ಹಿಂದೆ ನೋವುಂಟು, ಭಕ್ತಿಯುಂಟು. ಆದರೆ ಉಂಡವನ ಜನ್ಮದಿಂದ ಎಂಜಲು ಪವಿತ್ರವಾಗುವುದೆಂಬುದು ದೇವರ ವಿಧಿಯಲ್ಲ, ಮನುಷ್ಯರ ಕಟ್ಟಳೆ. ನಮ್ಮಲ್ಲಿಯೂ ಪಾದೋದಕ ಪ್ರಸಾದಗಳಿಲ್ಲವೆ ಎಂದು ಕೇಳುವವರುಂಟು. ಇವೆ, ನಿಜ. ಆದರೆ ಶರಣರು ಪ್ರಸಾದವನ್ನು ಕುಲದಿಂದ ಅಳೆಯಲಿಲ್ಲ. ಕುಲವನ್ನೆಣಿಸಿ ಕೊಟ್ಟರೆ ಜಂಗಮಪ್ರಸಾದವೂ ಬರಿಯ ಎಂಜಲೇ ಸರಿ.

ಅಗ್ರಹಾರದ ಸಂಸ್ಕಾರದಲ್ಲಿ ಹುಟ್ಟಿದ ಬಸವಣ್ಣನವರು ಹರಳಯ್ಯನವರ ಕೇರಿಗೆ ಹೊರಗಿನವರಲ್ಲವೆ? ಜನ್ಮದಿಂದ ಹೊರಗಿನವರೇ. ಆದರೆ ಅವರು ದೂರ ನಿಂತು ಉಪದೇಶ ಮಾಡಲಿಲ್ಲ, ಸಹಪಂಕ್ತಿಯಲ್ಲಿ ಕುಳಿತರು. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ವಿವಾಹವಾದಾಗ ಕಲ್ಯಾಣವೇ ತಲ್ಲಣಿಸಿತು. ಬಸವಣ್ಣನವರು ಮಾತ್ರ ಅವರ ಕೈ ಬಿಡಲಿಲ್ಲ. ಜೊತೆಯಲ್ಲಿ ಉಂಡವನು, ಜೊತೆಯಲ್ಲಿ ನೊಂದವನು ಹೊರಗಿನವನಾಗಲಾರ.

ಆದುದರಿಂದ ಅನ್ಯರ ಕೇಡನ್ನು ಕಂಡು ಸುಮ್ಮನಿರುವುದು ಧರ್ಮವಲ್ಲ. ರಾಜಶಾಸನವು ಕೈಯನ್ನು ತಡೆದೀತು. ಮನಸ್ಸನ್ನು ತಿರುಗಿಸಲು ಸ್ನೇಹವೇ ಬೇಕು. ಕುಕ್ಕೆಯ ಎಲೆಗಳನ್ನು ಕುರಿತು ಖಂಡಿಸಿ ಮಾತನಾಡುವ ಗೃಹಸ್ಥನು ತನ್ನ ಹಿತ್ತಿಲ ಗೂಟದತ್ತ ಒಮ್ಮೆ ನೋಡಲಿ. ತೋಟದ ಆಳಿಗೆಂದು ಅಲ್ಲಿ ತೂಗುಹಾಕಿದ ಬೇರೆ ಲೋಟವಿದ್ದರೆ ಅದನ್ನು ಇಂದೇ ಒಳಗೆ ತಂದು ಉಳಿದ ಲೋಟಗಳೊಡನೆ ಇಡಲಿ. ಬಳಿಕ ಅವನಾಡುವ ಮಾತಿಗೆ ತೂಕ ಬಂದೀತು. ಕೇಳುವವರಿಗೆ ಅದು ಒಳಗಿನವನ ಮಾತಾಗಿ ಕೇಳಿಸೀತು.