ಮೊದಲು ಜೀವ ಉಳೀಲಿ

ಏಳು ವರ್ಷದ ಹಿಂದೆ ಅಕ್ಕನ ಮಗನಿಗೆ ಲಿಂಫೋಮಾ ಅಂತ ಗೊತ್ತಾಯಿತು. ಆಗ ಅವನಿಗೆ 23 ವರ್ಷ. ಕೀಮೋ ಶುರುವಾಗುವ ಮೊದಲು ಡಾಕ್ಟರು ಅಕ್ಕನನ್ನೂ ನನ್ನನ್ನೂ ಕೂರಿಸಿಕೊಂಡು ಎಲ್ಲ ವಿವರಿಸಿದರು. ಹುಡುಗ ರಕ್ತ ಕೊಡೋಕೆ ಕೆಳಗೆ ಹೋಗಿದ್ದ. ಕೊನೆಗೆ ಡಾಕ್ಟರು, “ಈ ಔಷಧಿಗಳಿಂದ ಮುಂದೆ ಮಕ್ಕಳಾಗೋದಕ್ಕೆ ತೊಂದರೆ ಆಗಬಹುದು. ಬೇಕಿದ್ದರೆ ಮೊದಲೇ ವೀರ್ಯ ತೆಗೆದಿಡಬಹುದು, ಅವನ ಹತ್ತಿರ ಮಾತಾಡಿ” ಅಂದರು. ಅಕ್ಕ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ನಾನೇ ಮುಂದಾಗಿ, “ಮೊದಲು ಜೀವ ಉಳೀಲಿ ಡಾಕ್ಟ್ರೇ, ಮಿಕ್ಕಿದ್ದೆಲ್ಲ ಆಮೇಲೆ” ಅಂದುಬಿಟ್ಟೆ. ವಿಷಯ ಅಲ್ಲಿಗೇ ಮುಗಿಯಿತು. ಹುಡುಗನ ಕಿವಿಗೆ ಬೀಳಲೇ ಇಲ್ಲ.

ಜೀವ ಉಳಿಯಿತು. ಮದುವೆಯೂ ಆಯಿತು. ಮಗು ಆಗಲಿಲ್ಲ ಅಂತ ಎರಡು ವರ್ಷ ಪರೀಕ್ಷೆ, ಮಾತ್ರೆ, ಉಪವಾಸ, ಸುಬ್ರಹ್ಮಣ್ಯದ ಹರಕೆ ಎಲ್ಲ ಅವನ ಹೆಂಡತಿಯ ಪಾಲಿಗೇ ಬಂತು. ಕಡೆಗೆ ಇವನ ಪರೀಕ್ಷೆ ಮಾಡಿಸಿದರೆ ವೀರ್ಯಾಣುವೇ ಇಲ್ಲ. ಹಳೇ ಫೈಲು ತಿರುವಿದಾಗ ‘ಮನೆಯವರಿಗೆ ತಿಳಿಸಲಾಗಿದೆ’ ಅಂತ ಒಂದು ಸಾಲು ಕಂಡಿತಂತೆ. ಮೊನ್ನೆ ಬಂದವನು ಕಾಫಿ ಲೋಟ ಕೆಳಗಿಟ್ಟು ಕೇಳಿದ: “ಮಾವ, ಆವತ್ತು ನನಗೊಂದು ಮಾತು ಹೇಳಬಹುದಿತ್ತಲ್ವಾ?”

ಕೀಮೋ ಔಷಧಿಗಳು ಬೇಗ ಬೇಗ ವಿಭಜನೆಯಾಗುವ ಜೀವಕೋಶಗಳಿಗೆ ಹೊಡೆತ ಕೊಡುತ್ತವೆ. ಕೂದಲು ಉದುರೋದು, ಬಾಯಿ ಹುಣ್ಣಾಗೋದು ಅದಕ್ಕೇ. ವೀರ್ಯಾಣು ತಯಾರಿಸುವ ಕೋಶಗಳೂ ಅದೇ ಜಾತಿಯವು. ಒಂದು ವೀರ್ಯಾಣು ತಯಾರಾಗೋಕೆ ಸುಮಾರು 74 ದಿನ ಬೇಕು. ಬೆಳೆಯುತ್ತಿದ್ದವು ಸತ್ತರೂ ಮೂಲಕೋಶ ಉಳಿದಿದ್ದರೆ ಕೆಲವು ವರ್ಷಗಳಲ್ಲಿ ಮತ್ತೆ ಶುರುವಾಗಬಹುದು. ಸೈಕ್ಲೋಫಾಸ್ಫಮೈಡ್, ಬುಸಲ್ಫಾನ್ ಥರದವು ಹೆಚ್ಚು ಪ್ರಮಾಣದಲ್ಲಿ ಹೋದರೆ ಮೂಲವೇ ಒಣಗಬಹುದು. ಯಾರಿಗೆ ಮರಳುತ್ತೆ, ಯಾರಿಗೆ ಇಲ್ಲ ಅಂತ ಮುಂಚೆಯೇ ಖಚಿತವಾಗಿ ಹೇಳೋಕಾಗಲ್ಲ. ಅದಕ್ಕೇ ಮೊದಲ ಡೋಸಿಗೆ ಮುಂಚೆ ವೀರ್ಯವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡೋದು. ಸೈಕಲ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 1996ರಲ್ಲಿ ಹಾಗೆ ಇಟ್ಟಿದ್ದರು. ಅವರ ಮೊದಲ ಮೂವರು ಮಕ್ಕಳು ಹುಟ್ಟಿದ್ದು ಅದರಿಂದಲೇ.

‘ಮೊದಲು ಜೀವ’ ಅನ್ನೋದು ತಪ್ಪಲ್ಲ. ಒಂದು ದಿನವೂ ಕಾಯಲಾಗದ ರಕ್ತ ಕ್ಯಾನ್ಸರ್‌ಗಳಿವೆ. ಆದರೆ ನಮ್ಮ ಹುಡುಗನಿಗೆ ಎರಡು ದಿನದ ಬಿಡುವಿತ್ತು. ಜೀವವೋ ಸಂತಾನವೋ ಅಂತ ಆರಿಸಬೇಕಾದ ಪ್ರಮೇಯವೇ ಇರಲಿಲ್ಲ. ನನಗೆ ಇದ್ದದ್ದು ನಾಚಿಕೆ. 23ರ ಹುಡುಗನ ಎದುರು ವೀರ್ಯ ಅನ್ನೋ ಪದ ಹೇಗೆ ಆಡೋದು ಅಂತ. ಆ ನಾಚಿಕೆಗೆ ಪ್ರೀತಿ ಅಂತ ಹೆಸರಿಟ್ಟುಕೊಂಡೆ.

ಅವನು “ನನಗೆ ಮಕ್ಕಳೇ ಬೇಡ” ಅಂದಿರಬಹುದಿತ್ತು. ಅನ್ನಲಿ. ಬೇಡ ಅನ್ನೋಕೂ ಯಾರಾದರೂ ಮೊದಲು ಕೇಳಬೇಕಲ್ಲ? ಕಾಯಿಲೆ ಬಿದ್ದವನ ಪರವಾಗಿ ಔಷಧಿಯ ದುಡ್ಡು ಹೊಂದಿಸಬಹುದು, ರಾತ್ರಿ ಪಕ್ಕದಲ್ಲಿ ಕೂರಬಹುದು. ಅವನ ಪರವಾಗಿ ಅವನ ನಾಳೆಯನ್ನು ಬೇಡ ಅನ್ನೋ ಅಧಿಕಾರ ನನಗೆ ಎಲ್ಲಿಂದ ಬಂತು?

2020ರಲ್ಲಿ ದೆಹಲಿಯ ಒಬ್ಬ ಅವಿವಾಹಿತ ಯುವಕನೂ ಡಾಕ್ಟರ ಮಾತು ಕೇಳಿ ಕೀಮೋಗೆ ಮೊದಲು ವೀರ್ಯ ಇಟ್ಟಿದ್ದ. ಅದೇ ವರ್ಷ ತೀರಿಕೊಂಡ. ಅಪ್ಪ ಅಮ್ಮ ಅದನ್ನು ಕೇಳಿದರೆ ಆಸ್ಪತ್ರೆ ಕೊಡಲಿಲ್ಲ. 2024ರ ಅಕ್ಟೋಬರಿನಲ್ಲಿ ದೆಹಲಿ ಹೈಕೋರ್ಟ್ ಕೊಡಿ ಅಂತು. ವೀರ್ಯ ಯಾರದೋ ಅವನ ಒಪ್ಪಿಗೆ ತೋರಿಸಲು ಸಾಧ್ಯವಾದರೆ, ಸತ್ತ ಮೇಲೂ ಅದರಿಂದ ಮಗು ಪಡೆಯೋದಕ್ಕೆ ಕಾನೂನಿನ ತಡೆಯಿಲ್ಲ ಅಂತು. ಮೊಮ್ಮಗುವಿನ ಆಸೆ ಸರಿಯೋ ತಪ್ಪೋ, ಬೇರೆ ಚರ್ಚೆ. ನನಗೆ ನಾಟಿದ್ದು ಒಂದೇ: ಅವನು ಇಲ್ಲದ ಮೇಲೂ ಕೋರ್ಟು ಹುಡುಕಿದ್ದು ಅವನ ಒಪ್ಪಿಗೆಯನ್ನು. ನಮ್ಮ ಹುಡುಗ ಬದುಕಿದ್ದ, ಒಂದು ಮಹಡಿ ಕೆಳಗೇ ಇದ್ದ. ನಾನು ಕೇಳಲಿಲ್ಲ.

“ತಪ್ಪಾಯ್ತು ಕಣೋ” ಅಂದೆ. ಅವನು ಏನೂ ಅನ್ನಲಿಲ್ಲ. ಹೊರಡುವಾಗ, “ಅಮ್ಮ ಈಗಲೂ ಇವಳಿಗೇ ಹರಕೆ ಹೇಳ್ತಾಳೆ ಮಾವ” ಅಂದ.

ಈ ಭಾನುವಾರ ಅಕ್ಕನ ಮನೆಗೆ ಹೋಗುತ್ತಿದ್ದೇನೆ. ಆವತ್ತು ಡಾಕ್ಟರು ಹೇಳಿದ್ದನ್ನು, ನಾನು ಬಾಯಿ ಹಾಕಿದ್ದನ್ನು ಆ ಹುಡುಗಿಯ ಎದುರಿಗೇ ಹೇಳಬೇಕು. ಏಳು ವರ್ಷ ತಡವಾಯಿತು.